ಇಮೇಲ್ ತಲುಪಲಿಲ್ಲ ಎಂಬ ದೂರು: ಅಪ್ಲಿಕೇಶನ್ ಕೋಡಿನಲ್ಲಿ ದೋಷ ಪತ್ತೆ ಮಾಡುವ ಕ್ರಮ

ರಸೀದಿ ಬಂದಿಲ್ಲ, ಒಟಿಪಿ ಬಂದಿಲ್ಲ, ಪಾಸ್‌ವರ್ಡ್ ಬದಲಿಸುವ ಲಿಂಕ್ ಬಂದಿಲ್ಲ ಎಂದು ಬಳಕೆದಾರರು ದೂರಿದಾಗ ನಮ್ಮ ಬಾಯಿಗೆ ಮೊದಲು ಬರುವ ಉತ್ತರ, "ನಮ್ಮ ಕಡೆಯಿಂದ ಹೋಗಿದೆ, ಸ್ಪ್ಯಾಮ್ ಫೋಲ್ಡರ್ ನೋಡಿ" ಎಂಬುದು. ಅದು ಕೆಲವು ಸಲ ನಿಜವೂ ಆಗಿರುತ್ತದೆ. ಆದರೆ ಹೋಗಿದೆ ಎಂದು ಯಾವ ಆಧಾರದ ಮೇಲೆ ಹೇಳುತ್ತೀರಿ ಎಂದು ಕೇಳಿದರೆ, ಕಳುಹಿಸುವ ಫಂಕ್ಷನ್ ಎಕ್ಸೆಪ್ಷನ್ (ಪ್ರೋಗ್ರಾಂ ಎತ್ತುವ ದೋಷ ಸೂಚನೆ) ಎಸೆಯದೆ ಮರಳಿತು ಎಂಬುದಕ್ಕಿಂತ ಹೆಚ್ಚಿನ ಆಧಾರ ಸಿಗುವುದು ಅಪರೂಪ.

ಇಮೇಲ್ ಸಾಗಿಸುವ ಎಸ್‌ಎಂಟಿಪಿ ಪದ್ಧತಿ 1982ರಲ್ಲಿ ಆರ್‌ಎಫ್‌ಸಿ 821 ಎಂಬ ಇಂಟರ್‌ನೆಟ್ ನಿಯಮಗಳ ದಾಖಲೆಯಾಗಿ ಬಂದಾಗಿನಿಂದಲೂ ಸವಾಲು-ಜವಾಬಿನ ರೂಪದಲ್ಲೇ ಇದೆ. ನಿಮ್ಮ ಪ್ರೋಗ್ರಾಂ ಸಂಪರ್ಕ ಕೋರುತ್ತದೆ, ತನ್ನ ಹೆಸರು ಹೇಳಿಕೊಳ್ಳುತ್ತದೆ, ಲಾಗಿನ್ ಆಗುತ್ತದೆ, ಕಳುಹಿಸುವವರ ವಿಳಾಸ ಹೇಳುತ್ತದೆ, ಪಡೆಯುವವರ ವಿಳಾಸಗಳನ್ನು ಒಂದೊಂದಾಗಿ ಹೇಳುತ್ತದೆ, ಕೊನೆಗೆ ಪತ್ರದ ಒಡಲನ್ನು ಒಪ್ಪಿಸಿ ಒಂಟಿ ಚುಕ್ಕಿಯ ಸಾಲಿನಿಂದ ಮುಗಿಸುತ್ತದೆ. ಪ್ರತಿ ಹೆಜ್ಜೆಗೂ ಎದುರಿನ ಸರ್ವರ್ ಮೂರಂಕಿಯ ಉತ್ತರ ಕೊಡುತ್ತದೆ. 2ರಿಂದ ಆರಂಭವಾದರೆ ಒಪ್ಪಿಗೆ, 3 ಆದರೆ ಮುಂದುವರಿಸು, 4 ಆದರೆ ಈಗ ಆಗದು, 5 ಆದರೆ ಹೀಗೆ ಆಗದು. ಯಾವ ಹೆಜ್ಜೆಯಲ್ಲಿ ಯಾವ ಸಂಖ್ಯೆ ಬಂತೆಂದು ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ. ನಾನು ಕಂಡಿರುವ ಬಹುಪಾಲು ಪ್ರಕರಣಗಳಲ್ಲಿ ಕೋಡಿನ ತಪ್ಪೆಂದರೆ ಈ ಸಂಖ್ಯೆಯನ್ನು ನಡುದಾರಿಯಲ್ಲಿ ಎಲ್ಲೋ ನುಂಗಿಹಾಕಿದ್ದು. ಕೆಳಗಿನ ಉದಾಹರಣೆಗಳನ್ನು ಹೆಚ್ಚಾಗಿ ಪೈಥಾನ್ ಭಾಷೆಯ ಮೇಲ್ ಕಳುಹಿಸುವ ಲೈಬ್ರರಿ ಎಸ್‌ಎಂಟಿಪಿಲಿಬ್ ಮತ್ತು ಅದೇ ಭಾಷೆಯ ವೆಬ್ ಚೌಕಟ್ಟು ಜಾಂಗೋದಿಂದ ಕೊಟ್ಟಿದ್ದೇನೆ. ಬೇರೆ ಭಾಷೆಗಳಲ್ಲಿಯೂ ತರ್ಕ ಇದೇ.

ಕೈ ಹಾಕುವ ಮೊದಲು

ಕಳುಹಿಸಬೇಕಾದ ಪತ್ರಗಳ ಸರತಿಯಲ್ಲಿರುವ ಕೆಲಸ ಹುಚ್ಚಾಪಟ್ಟೆ ಮರುಯತ್ನ ಮಾಡುತ್ತಿದ್ದರೆ ಮೊದಲು ಅದನ್ನು ನಿಲ್ಲಿಸಿ. ನಲ್ಲಿ ಬಂದ್ ಮಾಡದೆ ಕೊಳವೆ ಬಿಚ್ಚಬಾರದು. ನೀವು ಕಾರಣ ಹುಡುಕುತ್ತಿರುವ ಅರ್ಧ ಗಂಟೆಯಲ್ಲಿ ಅದೇ ಗ್ರಾಹಕರಿಗೆ ಅದೇ ಪತ್ರ ನಲವತ್ತು ಸಲ ಹೋಗಬಹುದು, ಇಲ್ಲವೇ ನಿಮ್ಮ ಸರ್ವರಿನ ಹೆಸರು ಕೆಡಬಹುದು.

ಎಸ್‌ಎಂಟಿಪಿಲಿಬ್‌ನ ಡೀಬಗ್ ಮಟ್ಟವನ್ನು 1ಕ್ಕೆ ಏರಿಸಿದರೆ ಸರ್ವರ್ ಜತೆಗಿನ ಇಡೀ ಸಂಭಾಷಣೆ ತೆರೆಯ ಮೇಲೆ ಬರುತ್ತದೆ. ಇದಕ್ಕಿಂತ ಅಗ್ಗದ ಸಾಧನ ಇನ್ನೊಂದಿಲ್ಲ. ಆದರೆ ಲಾಗಿನ್ ಹೆಜ್ಜೆಯಲ್ಲಿ ಬಳಕೆದಾರರ ಹೆಸರೂ ಪಾಸ್‌ವರ್ಡೂ ಬೇಸ್64 ರೂಪದಲ್ಲಿ ಅಲ್ಲಿಯೇ ಅಚ್ಚಾಗಿರುತ್ತವೆ. ಬೇಸ್64 ಗೂಢಲಿಪಿಯಲ್ಲ, ಯಾರು ಬೇಕಾದರೂ ಕ್ಷಣದಲ್ಲಿ ಬಿಡಿಸಬಹುದಾದ ಬರಹ. ಆ ಲಾಗನ್ನು ಸಹೋದ್ಯೋಗಿಗೆ ಕಳುಹಿಸುವ ಮುನ್ನ ಆ ಸಾಲುಗಳನ್ನು ಅಳಿಸಿ. ಪಾಸ್‌ವರ್ಡ್ ಬದಲಿಸುವ ಲಿಂಕ್‌ಗಳಿರುವ ಪತ್ರದ ಒಡಲಿಗೂ ಇದೇ ಎಚ್ಚರ ಬೇಕು.

ಪರೀಕ್ಷೆಗೆ ನಿಜವಾದ ಗ್ರಾಹಕರ ವಿಳಾಸಗಳನ್ನು ಬಳಸಲೇಬೇಡಿ; ಬಾಯಿಗೆ ಬಂದ ವಿಳಾಸ ಸೃಷ್ಟಿಸುವುದೂ ತಪ್ಪೇ, ಏಕೆಂದರೆ ಅದು ಯಾರದ್ದೋ ಆಗಿರಬಹುದು. ಮೇಲ್‌ಪಿಟ್ ಅಥವಾ ಮೇಲ್‌ಹಾಗ್‌ನಂಥ ನಕಲಿ ಸರ್ವರನ್ನು ನಿಮ್ಮ ಯಂತ್ರದಲ್ಲೇ ಓಡಿಸಿದರೆ ಪತ್ರಗಳೆಲ್ಲ ಅಲ್ಲಿಯೇ ಉಳಿಯುತ್ತವೆ.

ಲಕ್ಷಣ: ದೋಷವೇನೂ ಕಾಣುವುದಿಲ್ಲ, ಪತ್ರವೂ ಬರುವುದಿಲ್ಲ

ಖರ್ಚಿಲ್ಲದ ಪರೀಕ್ಷೆಯಿಂದ ಆರಂಭಿಸಿ. ಡೇಟಾಬೇಸಿನಲ್ಲಿರುವ ವಿಳಾಸವನ್ನು ಅಕ್ಷರ ಬಿಡದೆ ಓದಿ. ಕೊನೆಯಲ್ಲೊಂದು ಖಾಲಿ ಜಾಗ ಉಳಿದಿರುವುದು, ಜಿಮೇಲ್ ಎಂಬುದರ ಅಕ್ಷರಗಳು ಹಿಂದುಮುಂದಾಗಿರುವುದು, ಡಾಟ್ ಕಾಮ್ ಹೋಗಿ ಡಾಟ್ ಕಾನ್ ಆಗಿರುವುದು, ಇವು ದಿನನಿತ್ಯದ ತಪ್ಪುಗಳು. ಅದು ಸರಿಯಿದ್ದರೆ, ಪ್ರೋಗ್ರಾಂ ನಿಜವಾಗಿ ಎಸ್‌ಎಂಟಿಪಿ ಮೂಲಕವೇ ಕಳುಹಿಸುತ್ತಿದೆಯೇ ಎಂದು ನೋಡಿ. ಜಾಂಗೋದಲ್ಲಿ ಅಭಿವೃದ್ಧಿಯ ಸಮಯಕ್ಕೆಂದು ಹಾಕಿಕೊಂಡ ಕನ್ಸೋಲ್ ಬ್ಯಾಕೆಂಡ್ ಸೆಟ್ಟಿಂಗ್ ಹಾಗೆಯೇ ಉಳಿದಿದ್ದರೆ, ಪತ್ರ ಲಾಗಿನಲ್ಲಿ ಅಚ್ಚುಕಟ್ಟಾಗಿ ಅಚ್ಚಾಗುತ್ತದೆ, ಎಲ್ಲಿಗೂ ಹೋಗುವುದಿಲ್ಲ. ಸರತಿಯ ಮೂಲಕ ಕಳುಹಿಸುವ ವ್ಯವಸ್ಥೆಯಾದರೆ ಸರತಿಯಿಂದ ಪತ್ರ ಎತ್ತಿ ಕಳುಹಿಸುವ ವರ್ಕರ್ ಪ್ರಕ್ರಿಯೆ ಜೀವಂತವಾಗಿದೆಯೇ ಎಂಬುದು ಮುಂದಿನ ಪ್ರಶ್ನೆ; ಸರ್ವರ್ ರೀಸ್ಟಾರ್ಟ್ ಆದಾಗ ವೆಬ್ ಪ್ರಕ್ರಿಯೆ ತಾನಾಗಿ ಎದ್ದು, ವರ್ಕರ್ ಮಲಗಿಯೇ ಇರುವುದು ಹೊಸ ಸಂಗತಿಯಲ್ಲ.

ಇವೆಲ್ಲ ದಾಟಿದ ಮೇಲೆ ಕೋಡಿಗೆ ಬನ್ನಿ. ಕಳುಹಿಸುವ ಸಾಲಿನ ಸುತ್ತ ಎಲ್ಲ ಎಕ್ಸೆಪ್ಷನ್‌ಗಳನ್ನೂ ಹಿಡಿದು ಸುಮ್ಮನಾಗುವ ಬ್ಲಾಕ್ ಇದೆಯೇ ಎಂದು ಹುಡುಕಿ. ಜಾಂಗೋ ಆದರೆ ಫೇಲ್ ಸೈಲೆಂಟ್ಲಿ ಎಂಬ ಆಯ್ಕೆಗೆ ಟ್ರೂ ಕೊಟ್ಟಿರುವ ಜಾಗಗಳನ್ನು ಹುಡುಕಿ. ಒಂದು ಸಹಕಾರ ಸಂಘದ ಠೇವಣಿ ಅವಧಿ ಮುಗಿಯುವ ಸೂಚನೆಗಳು ಹನ್ನೊಂದು ದಿನ ಯಾರಿಗೂ ಹೋಗಿರಲಿಲ್ಲ. ಹುಡುಕುತ್ತಾ ಹೋದಾಗ ಸಿಕ್ಕಿದ್ದು ನಾನೇ ಬರೆದ ಸಾಲು. ಪ್ರಾತ್ಯಕ್ಷಿಕೆಯ ದಿನ ಅವರ ಕಚೇರಿಯ ಇಂಟರ್‌ನೆಟ್ ಕೈಕೊಡುತ್ತಿತ್ತೆಂದು, ಪುಟ ಒಡೆಯದಿರಲಿ ಎಂದು ಹಾಕಿದ್ದ ಆ ಒಂದು ಪದ ಅಲ್ಲಿಯೇ ಉಳಿದುಬಿಟ್ಟಿತ್ತು. ಪುಟ ಒಡೆಯಬಾರದು ಎಂಬ ಕಾಳಜಿ ಸರಿಯಾದದ್ದೇ, ಆದರೆ ಅದಕ್ಕೆ ಪರಿಹಾರ ದೋಷವನ್ನು ಹಿಡಿದು ಲಾಗಿನಲ್ಲಿ ಬರೆದು ಬಳಕೆದಾರರಿಗೆ ಬೇರೆ ಸಂದೇಶ ತೋರಿಸುವುದೇ ಹೊರತು ದೋಷವನ್ನು ಮರೆಸುವುದಲ್ಲ.

ಎಕ್ಸೆಪ್ಷನ್ ನುಂಗುವ ಬ್ಲಾಕ್ ಎಲ್ಲಿಯೂ ಇಲ್ಲದಿದ್ದರೂ ಪತ್ರ ಕಳೆಯುವ ಇನ್ನೊಂದು ದಾರಿ ಇದೆ, ಇದು ಅನೇಕರಿಗೆ ಗೊತ್ತಿರುವುದಿಲ್ಲ. ಒಂದೇ ಪತ್ರವನ್ನು ಐದು ಮಂದಿಗೆ ಕಳುಹಿಸಿ, ಸರ್ವರ್ ಇಬ್ಬರನ್ನು ತಿರಸ್ಕರಿಸಿ ಮೂವರನ್ನು ಒಪ್ಪಿಕೊಂಡರೆ ಎಸ್‌ಎಂಟಿಪಿಲಿಬ್ ಎಕ್ಸೆಪ್ಷನ್ ಎಸೆಯುವುದಿಲ್ಲ. ತಿರಸ್ಕೃತ ವಿಳಾಸಗಳನ್ನೂ ಅವುಗಳ ಸಂಖ್ಯೆಗಳನ್ನೂ ಒಂದು ಡಿಕ್ಷನರಿಯಲ್ಲಿಟ್ಟು ಮರಳಿಸುತ್ತದೆ, ಅಷ್ಟೆ. ಐದಕ್ಕೆ ಐದೂ ತಿರಸ್ಕೃತವಾದಾಗ ಮಾತ್ರ ಎಕ್ಸೆಪ್ಷನ್. ಜಾಂಗೋದ ಎಸ್‌ಎಂಟಿಪಿ ಬ್ಯಾಕೆಂಡ್ ಆ ಡಿಕ್ಷನರಿಯನ್ನು ನೋಡುವುದೇ ಇಲ್ಲ. ಜಾವಾಸ್ಕ್ರಿಪ್ಟ್‌ನ ನೋಡ್‌ಮೇಲರ್ ಲೈಬ್ರರಿಯಲ್ಲಿ ಇದೇ ಮಾಹಿತಿ ರಿಜೆಕ್ಟೆಡ್ ಎಂಬ ಪಟ್ಟಿಯಲ್ಲಿ ಬರುತ್ತದೆ. ಪಿಎಚ್‌ಪಿಯ ಮೇಲ್ ಫಂಕ್ಷನ್ ಟ್ರೂ ಮರಳಿಸಿದರೆ ಪತ್ರವನ್ನು ಅದೇ ಯಂತ್ರದ ಮೇಲ್ ವ್ಯವಸ್ಥೆ ಕೈಗೆತ್ತಿಕೊಂಡಿತು ಎಂದಷ್ಟೇ ಅರ್ಥ. ಹಾಗಾಗಿ ಒಬ್ಬರಿಗೆ ಒಂದು ಪತ್ರ ಎಂಬ ನಿಯಮ ಇಟ್ಟುಕೊಳ್ಳುವುದು ಒಳ್ಳೆಯದು. ಸ್ವಲ್ಪ ನಿಧಾನವಾದರೂ ಪ್ರತಿ ವಿಳಾಸಕ್ಕೂ ಸ್ವಂತ ಉತ್ತರ ಸಿಗುತ್ತದೆ, ಮತ್ತು ಒಬ್ಬರ ವಿಳಾಸ ಇನ್ನೊಬ್ಬರಿಗೆ ಕಾಣುವ ಅಪಾಯವೂ ತಪ್ಪುತ್ತದೆ.

ಲಕ್ಷಣ: ಕಳುಹಿಸು ಒತ್ತಿದರೆ ಪುಟ ತಿರುಗುತ್ತಲೇ ಇರುತ್ತದೆ

ಇಲ್ಲಿ ಮೊದಲು ನೋಡಬೇಕಾದದ್ದು ಸೋಲು ತಕ್ಷಣ ಬರುತ್ತದೆಯೋ, ಬಹಳ ಹೊತ್ತು ಕಾದ ಮೇಲೆ ಬರುತ್ತದೆಯೋ ಎಂಬುದು. ತಕ್ಷಣವೇ ಸಂಪರ್ಕ ನಿರಾಕರಣೆ ಬಂದರೆ ಆ ಪೋರ್ಟಿನಲ್ಲಿ ಕೇಳಿಸಿಕೊಳ್ಳುವವರೇ ಇಲ್ಲ. ಡಾಕರ್ ಕಂಟೇನರ್ ಒಳಗಿನಿಂದ ಲೋಕಲ್‌ಹೋಸ್ಟ್ ಎಂದು ಬರೆದರೆ ಅದು ಆ ಕಂಟೇನರನ್ನೇ ಸೂಚಿಸುತ್ತದೆ, ಹೊರಗಿನ ಯಂತ್ರವನ್ನಲ್ಲ. ಬಹಳ ಹೊತ್ತು ಕಾದು ಟೈಮ್‌ಔಟ್ ಆದರೆ ನಡುವೆ ಯಾವುದೋ ಫೈರ್‌ವಾಲ್ ಸದ್ದಿಲ್ಲದೆ ಪ್ಯಾಕೆಟ್‌ಗಳನ್ನು ಬೀಳಿಸುತ್ತಿರುವ ಸಾಧ್ಯತೆ ಹೆಚ್ಚು. ಅಮೆಜಾನ್ ಇಸಿ2 ಮತ್ತು ಗೂಗಲ್ ಕ್ಲೌಡ್ ಎರಡೂ 25ನೆಯ ಪೋರ್ಟಿನಿಂದ ಹೊರಹೋಗುವುದನ್ನು ಮೊದಲಿನಿಂದಲೇ ತಡೆದಿರುತ್ತವೆ. ಹೇಗೂ 25 ಇರುವುದು ಸರ್ವರುಗಳು ತಮ್ಮೊಳಗೆ ಮಾತಾಡಲು. ಅಪ್ಲಿಕೇಶನ್ನಿನಿಂದ ಪತ್ರ ಒಪ್ಪಿಸಲು 587 ಅಥವಾ 465 ಬಳಸಬೇಕು.

ಆ ಎರಡು ಪೋರ್ಟುಗಳನ್ನು ಅದಲುಬದಲು ಮಾಡಿದಾಗ ಬರುವ ಎರಡು ಬೇರೆಬೇರೆ ಲಕ್ಷಣಗಳನ್ನು ಒಮ್ಮೆ ಅರ್ಥ ಮಾಡಿಕೊಂಡರೆ ಮುಂದೆ ನೋಡಿದ ಕೂಡಲೇ ಗುರುತಿಸಬಹುದು. 465ರಲ್ಲಿ ಮೊದಲ ಅಕ್ಷರದಿಂದಲೇ ಟಿಎಲ್‌ಎಸ್ ಗೂಢಲಿಪಿ ಇರಬೇಕು. ಅಲ್ಲಿಗೆ ಸಾದಾ ರೀತಿಯಲ್ಲಿ ಹೋದರೆ ನಿಮ್ಮ ಕೋಡು 220 ಎಂಬ ಸ್ವಾಗತಕ್ಕಾಗಿ ಕಾಯುತ್ತದೆ, ಸರ್ವರ್ ಟಿಎಲ್‌ಎಸ್ ಆರಂಭಕ್ಕಾಗಿ ಕಾಯುತ್ತದೆ, "ನೀವೇ ಮೊದಲು" ಎಂದು ಬಾಗಿಲಲ್ಲಿ ನಿಂತ ಇಬ್ಬರು ನೆಂಟರಂತೆ ಇಬ್ಬರೂ ಒಳಗೆ ಹೋಗುವುದಿಲ್ಲ. 587ರಲ್ಲಿ ಸಂಭಾಷಣೆ ಸಾದಾ ರೂಪದಲ್ಲಿ ಆರಂಭವಾಗಿ ಸ್ಟಾರ್ಟ್‌ಟಿಎಲ್‌ಎಸ್ ಆಜ್ಞೆಯ ನಂತರ ಗೂಢವಾಗುತ್ತದೆ. ಅಲ್ಲಿಗೆ ನೇರ ಟಿಎಲ್‌ಎಸ್‌ನಲ್ಲಿ ಹೋದರೆ ತಕ್ಷಣವೇ "ರಾಂಗ್ ವರ್ಷನ್ ನಂಬರ್" ಎಂಬ, ಆವೃತ್ತಿಗೂ ತನಗೂ ಸಂಬಂಧವಿಲ್ಲದ ದೋಷ ಬರುತ್ತದೆ. ಅದನ್ನು ಓದಿ ಓಪನ್‌ಎಸ್‌ಎಸ್‌ಎಲ್ ಮರುಸ್ಥಾಪನೆಗೆ ಇಳಿದವರನ್ನು ಕಂಡಿದ್ದೇನೆ. ಬದಲಿಸಬೇಕಾದದ್ದು ಒಂದು ಸಾಲಿನ ಸೆಟ್ಟಿಂಗ್.

ಕಾರಣ ಏನೇ ಇರಲಿ, ಪುಟ ಕಾಯುತ್ತಾ ಕೂರುವುದು ನಿಮ್ಮ ಕೋಡಿನ ತಪ್ಪು. ಎಸ್‌ಎಂಟಿಪಿಲಿಬ್‌ಗಾಗಲಿ ಜಾಂಗೋಗಾಗಲಿ ತಾನಾಗಿ ಟೈಮ್‌ಔಟ್ ಇಲ್ಲ; ನೀವೇ ಕೊಡಬೇಕು. ಅದಕ್ಕಿಂತ ಮುಖ್ಯವಾಗಿ, ವೆಬ್ ವಿನಂತಿಯ ಒಳಗೆ ಪತ್ರ ಕಳುಹಿಸುವುದನ್ನೇ ಬಿಟ್ಟು ಸರತಿಗೆ ಹಾಕಬೇಕು. ಟಿಎಲ್‌ಎಸ್ ಪ್ರಮಾಣಪತ್ರದ ಪರಿಶೀಲನೆ ವಿಫಲವಾಯಿತೆಂದು ಪರಿಶೀಲನೆಯನ್ನೇ ಆರಿಸಿಬಿಡುವ ಸಲಹೆ ಹಲವೆಡೆ ಸಿಗುತ್ತದೆ. ಅದನ್ನು ಪಾಲಿಸಿದರೆ ನಡುವೆ ಕುಳಿತ ಯಾರಿಗಾದರೂ ನಿಮ್ಮ ಪಾಸ್‌ವರ್ಡನ್ನು ನೀವೇ ಒಪ್ಪಿಸಿದಂತಾಗುತ್ತದೆ. ಯಂತ್ರದ ಗಡಿಯಾರ, ಸರ್ವರಿನ ಹೆಸರು, ಹಳತಾದ ಮೂಲ ಪ್ರಮಾಣಪತ್ರಗಳು, ಈ ಮೂರನ್ನು ಮೊದಲು ನೋಡಿ.

ಲಕ್ಷಣ: ಲಾಗಿನ್‌ನಲ್ಲೇ ತಿರಸ್ಕಾರ, 535 ಅಥವಾ 530

530 ಬಂದರೆ ಟಿಎಲ್‌ಎಸ್ ಆರಂಭಿಸದೆ, ಇಲ್ಲವೇ ಲಾಗಿನ್ ಮಾಡದೆ ಮುಂದುವರಿದಿದ್ದೀರಿ. 535 ಬಂದರೆ ಹೆಸರು ಅಥವಾ ಪಾಸ್‌ವರ್ಡ್ ಒಪ್ಪಿಗೆಯಾಗಿಲ್ಲ. ನಿಮ್ಮ ಕಂಪ್ಯೂಟರಿನಲ್ಲಿ ಸರಿಹೋಗಿ ಸರ್ವರಿನಲ್ಲಿ ಮಾತ್ರ ಕೆಟ್ಟರೆ ಪರಿಸರ ಚರಾಂಕಗಳ ಕಡತ ನೋಡಿ. ಪಾಸ್‌ವರ್ಡಿನಲ್ಲಿ ಹ್ಯಾಶ್ ಅಥವಾ ಡಾಲರ್ ಚಿಹ್ನೆ ಇದ್ದರೆ ಅಲ್ಲಿಂದಾಚೆ ಕತ್ತರಿಸಿಹೋಗಿರಬಹುದು, ಕೊನೆಯಲ್ಲಿ ಹೊಸಸಾಲಿನ ಚಿಹ್ನೆ ಅಂಟಿಕೊಂಡಿರಬಹುದು. ಪಾಸ್‌ವರ್ಡನ್ನೇ ಅಚ್ಚು ಮಾಡದೆ ಅದರ ಉದ್ದವನ್ನಷ್ಟೇ ಲಾಗಿನಲ್ಲಿ ಬರೆದು ಹೋಲಿಸಿದರೆ ಸಾಕು. ವೈಯಕ್ತಿಕ ಜಿಮೇಲ್ ಖಾತೆಯಾದರೆ 2022ರ ಮೇ 30ರಿಂದ ಸಾಮಾನ್ಯ ಪಾಸ್‌ವರ್ಡ್ ಕೊಟ್ಟು ಹೊರಗಿನ ಪ್ರೋಗ್ರಾಂನಿಂದ ಲಾಗಿನ್ ಆಗುವುದು ನಿಂತಿದೆ. ಎರಡು ಹಂತದ ಪರಿಶೀಲನೆ ಚಾಲೂ ಮಾಡಿ 16 ಅಕ್ಷರಗಳ ಆ್ಯಪ್ ಪಾಸ್‌ವರ್ಡ್ ಪಡೆಯಬೇಕು, ಇಲ್ಲವೇ ಪಾಸ್‌ವರ್ಡ್ ಬದಲು ಟೋಕನ್ ಕೊಡುವ ಓಆಥ್ ಪದ್ಧತಿ ಬಳಸಬೇಕು.

ಈ ದೋಷಕ್ಕೆ ಮರುಯತ್ನ ಬರೆಯಬೇಡಿ. ತಪ್ಪು ಪಾಸ್‌ವರ್ಡು ನೂರು ಸಲ ಕೊಟ್ಟರೂ ತಪ್ಪೇ, ಜತೆಗೆ ಖಾತೆಗೆ ಬೀಗ ಬೀಳುತ್ತದೆ.

ಲಕ್ಷಣ: 4ರಿಂದ ಆರಂಭವಾಗುವ ಉತ್ತರ, ಕೆಲವರಿಗೆ ತಡವಾಗಿ ತಲುಪುತ್ತದೆ

4 ಎಂದರೆ ಸೋಲಲ್ಲ, ನಂತರ ಬಾ ಎಂಬ ಮಾತು. 450 ಅಥವಾ 451 ಮೊದಲ ಯತ್ನಕ್ಕೆ ಬಂದು ಎರಡನೆಯ ಯತ್ನಕ್ಕೆ ಮಾಯವಾದರೆ ಅದು ಬಹುಶಃ ಗ್ರೇಲಿಸ್ಟಿಂಗ್. ಅಪರಿಚಿತ ಕಳುಹಿಸುವವರನ್ನು ಬೇಕೆಂದೇ ಒಮ್ಮೆ ವಾಪಸ್ ಕಳಿಸಿ, ತಾಳ್ಮೆಯಿಂದ ಮರಳಿ ಬಂದವರನ್ನು ಮಾತ್ರ ಒಳಗೆ ಬಿಡುವ ತಂತ್ರವದು. ಅದು ಗುರುತಿಟ್ಟುಕೊಳ್ಳುವುದು ನಿಮ್ಮ ಐಪಿ ವಿಳಾಸ, ಲಕೋಟೆಯ ಮೇಲಿನ (ಅಂದರೆ ಪತ್ರದೊಳಗಿನದಲ್ಲ, ಎಸ್‌ಎಂಟಿಪಿ ಸಂಭಾಷಣೆಯಲ್ಲಿ ಹೇಳಿದ) ಕಳುಹಿಸುವವರ ವಿಳಾಸ, ಪಡೆಯುವವರ ವಿಳಾಸ ಈ ಮೂರರ ಜೋಡಣೆಯನ್ನು. ಹಾಗಾಗಿ ಪ್ರತಿ ಯತ್ನಕ್ಕೂ ಕಳುಹಿಸುವವರ ವಿಳಾಸದಲ್ಲಿ ಹೊಸ ಗುರುತು ಸೇರಿಸುವ ಕೋಡು ಬರೆದಿದ್ದರೆ ಎಷ್ಟು ಸಲ ಹೋದರೂ ಅಪರಿಚಿತರಾಗಿಯೇ ಉಳಿಯುತ್ತೀರಿ.

421 ಬಂದರೆ ಸರ್ವರ್ ಆ ಸಂಪರ್ಕವನ್ನೇ ಮುಚ್ಚುತ್ತಿದೆ ಎಂದರ್ಥ. ಮುಂದಿನ ವಿಳಾಸಕ್ಕೆ ಹಾರುವುದಲ್ಲ, ಆ ಡೊಮೇನಿಗೆ ಹೋಗುವ ಎಲ್ಲವನ್ನೂ ನಿಧಾನಗೊಳಿಸಬೇಕು. ಮರುಯತ್ನದ ಅಂತರಕ್ಕೆ 2008ರ ಆರ್‌ಎಫ್‌ಸಿ 5321 ಕನಿಷ್ಠ 30 ನಿಮಿಷ ಇರಲಿ ಎನ್ನುತ್ತದೆ, ಕೈಬಿಡುವ ಮುನ್ನ 4-5 ದಿನವಾದರೂ ಪ್ರಯತ್ನಿಸಲಿ ಎನ್ನುತ್ತದೆ. ಇದು ಮೇಲ್ ಸರ್ವರಿಗೆ ಹೇಳಿದ ಮಾತು. ಹತ್ತು ನಿಮಿಷದಲ್ಲಿ ಸಾಯುವ ಒಟಿಪಿಯನ್ನು ನಾಲ್ಕು ದಿನ ಎಳೆದಾಡುವುದರಲ್ಲಿ ಅರ್ಥವಿಲ್ಲ. ಅಂಥ ಪತ್ರಕ್ಕೆ ಅದರ ಆಯುಷ್ಯವನ್ನೂ ಸರತಿಯಲ್ಲಿ ಬರೆದಿಟ್ಟು, ಅವಧಿ ಮೀರಿದರೆ ಎಸೆಯಬೇಕು. ಮರುಯತ್ನದ ಅಂತರ ಪ್ರತಿ ಸಲ ಹಿಗ್ಗಲಿ, ಅದಕ್ಕೆ ಸ್ವಲ್ಪ ಯಾದೃಚ್ಛಿಕ ಅಂಶವೂ ಬೆರೆಯಲಿ. ಇಲ್ಲದಿದ್ದರೆ ಒಟ್ಟಿಗೆ ಸೋತ ಸಾವಿರ ಪತ್ರಗಳು ಒಟ್ಟಿಗೇ ಮತ್ತೆ ನುಗ್ಗಿ ಮತ್ತೆ 421 ತರುತ್ತವೆ.

ಲಕ್ಷಣ: 5ರಿಂದ ಆರಂಭವಾಗುವ ಉತ್ತರ

ಅತಿ ಹೆಚ್ಚು ಹಾನಿ ಮಾಡುವ ತಪ್ಪು ತಿಳಿವಳಿಕೆ ಇಲ್ಲಿದೆ. 4 ಬಂದರೆ ಮರುಯತ್ನಿಸು, 5 ಬಂದರೆ ವಿಳಾಸ ಸತ್ತಿದೆ ಎಂದು ಗುರುತು ಹಾಕು ಎಂದು ಎರಡೇ ಸಾಲಿನ ತರ್ಕ ಬರೆದಿರುವ ಕೋಡನ್ನು ಮತ್ತೆ ಮತ್ತೆ ನೋಡುತ್ತೇನೆ. 5 ಎಂದರೆ ಇದೇ ಪತ್ರವನ್ನು ಇದೇ ರೀತಿ ಮತ್ತೆ ತರಬೇಡ ಎಂದಷ್ಟೇ. ತಪ್ಪು ವಿಳಾಸದ್ದಿರಬಹುದು, ಪತ್ರದ್ದಿರಬಹುದು, ನಿಮ್ಮದೇ ಇರಬಹುದು. ಉದಾಹರಣೆಗೆ ಜಿಮೇಲ್ ಖಾತೆಯೊಂದು ದಿನದ ಮಿತಿ ದಾಟಿದಾಗ ಬರುವುದು 550 ಜತೆಗೆ 5.4.5. ಮೇಲಿನ ಎರಡು ಸಾಲಿನ ತರ್ಕ ಆ ಹೊತ್ತಿನಲ್ಲಿ ಸರತಿಯಲ್ಲಿದ್ದ ಎಲ್ಲ ಗ್ರಾಹಕರ, ಸರಿಯಾಗಿರುವ ವಿಳಾಸಗಳನ್ನೆಲ್ಲ ಸತ್ತವರ ಪಟ್ಟಿಗೆ ಸೇರಿಸುತ್ತದೆ. ಮರುದಿನ ಮಿತಿ ಮತ್ತೆ ತೆರೆದರೂ ಅವರಿಗೆ ಯಾವ ಪತ್ರವೂ ಹೋಗುವುದಿಲ್ಲ, ದೋಷವೂ ಕಾಣುವುದಿಲ್ಲ.

ಇದನ್ನು ತಪ್ಪಿಸಲು ಮೂರಂಕಿಯ ಪಕ್ಕದಲ್ಲಿ ಚುಕ್ಕಿಗಳೊಡನೆ ಬರುವ ವಿಸ್ತೃತ ಸಂಖ್ಯೆಯನ್ನು ಓದಬೇಕು. ಆರ್‌ಎಫ್‌ಸಿ 3463 ಇದರ ವ್ಯಾಕರಣ ಹೇಳುತ್ತದೆ. ನಡುವಿನ ಅಂಕಿ 1 ಆದರೆ ವಿಳಾಸದ ವಿಷಯ, 2 ಆದರೆ ಮೇಲ್‌ಬಾಕ್ಸ್‌ನದು, 3 ಆದರೆ ಮೇಲ್ ವ್ಯವಸ್ಥೆಯದು, 4 ಆದರೆ ಜಾಲ ಮತ್ತು ಮಾರ್ಗದ್ದು, 5 ಆದರೆ ಸಂಭಾಷಣೆಯ ನಿಯಮದ್ದು, 6 ಆದರೆ ಪತ್ರದ ಒಡಲಿನದು, 7 ಆದರೆ ಭದ್ರತೆ ಮತ್ತು ನೀತಿಯದು. 5.1.1 ಬಂದರೆ ಅಂಥ ಮೇಲ್‌ಬಾಕ್ಸ್ ಇಲ್ಲ. ಆ ವಿಳಾಸವನ್ನು ತಡೆಪಟ್ಟಿಗೆ ಸೇರಿಸಿ, ಬಳಕೆದಾರರು ಮುಂದಿನ ಸಲ ಲಾಗಿನ್ ಆದಾಗ ಸರಿಪಡಿಸಲು ಕೇಳಿ. 5.1.10 ಬಂದರೆ ಆ ಡೊಮೇನ್ ಇಮೇಲನ್ನೇ ಸ್ವೀಕರಿಸುವುದಿಲ್ಲ ಎಂದು ಘೋಷಿಸಿಕೊಂಡಿದೆ. 5.2.2 ಬಂದರೆ ಬಾಕ್ಸ್ ತುಂಬಿದೆ. ಇದೇ ಸ್ಥಿತಿಗೆ ಕೆಲವು ಸಲ 4.2.2 ಬರುವುದರಿಂದ ಎರಡನ್ನೂ ತಾತ್ಕಾಲಿಕವೆಂದೇ ನೋಡಿ, ವಾರಗಟ್ಟಲೆ ಹಾಗೆಯೇ ಇದ್ದರೆ ಮಾತ್ರ ಕೈಬಿಡುವುದು ನನ್ನ ರೂಢಿ. 5.3.4 ಬಂದರೆ ಪತ್ರ ದೊಡ್ಡದಾಯಿತು. ಬೇಸ್64ಗೆ ತಿರುಗಿಸಿದಾಗ ಲಗತ್ತು ಮೂರನೇ ಒಂದರಷ್ಟು ಉಬ್ಬುತ್ತದೆಂಬುದನ್ನು ಮರೆತವರಿಗೆ 18 ಎಂಬಿಯ ಪಿಡಿಎಫ್ 24 ಎಂಬಿ ದಾಟಿ ಅಚ್ಚರಿ ಕೊಡುತ್ತದೆ. 5.7ರ ಗುಂಪು ಬಂದರೆ ಗ್ರಾಹಕರನ್ನು ಬಿಟ್ಟು ನಿಮ್ಮ ಮನೆಯನ್ನೇ ನೋಡಿಕೊಳ್ಳಿ, 5.7.26 ಎಂದರೆ ನಿಮ್ಮ ಡೊಮೇನಿನ ದೃಢೀಕರಣಗಳು ಸೋತಿವೆ.

ಕೋಡಿನಲ್ಲಿ ನಾನು ಮೂರು ಡಬ್ಬಿ ಇಡುತ್ತೇನೆ: ಮತ್ತೆ ಪ್ರಯತ್ನಿಸಬೇಕಾದವು, ಈ ವಿಳಾಸ ಬಿಡಬೇಕಾದವು, ಸರತಿಯನ್ನೇ ನಿಲ್ಲಿಸಿ ಮನುಷ್ಯರನ್ನು ಎಬ್ಬಿಸಬೇಕಾದವು. 535, 5.4.5, 5.7 ಮತ್ತು ಗುರುತು ಸಿಗದ ಯಾವುದೇ 5 ಮೂರನೆಯ ಡಬ್ಬಿಗೆ ಹೋಗಲಿ. ಅಮೆಜಾನ್ ಎಸ್‌ಇಎಸ್ ಎಂಬ ಮೇಲ್ ಸೇವೆಯಲ್ಲಿ ಹೊಸ ಖಾತೆ ಸ್ಯಾಂಡ್‌ಬಾಕ್ಸ್ ಎಂಬ ಪ್ರಯೋಗದ ಹಂತದಲ್ಲಿ ಇರುವಾಗ ಪರಿಶೀಲಿಸದ ವಿಳಾಸಕ್ಕೆ ಕಳುಹಿಸಿದರೆ ಬರುವ 554 ಕೂಡ ಇಲ್ಲಿಯದೇ; ಅದು ಗ್ರಾಹಕರ ತಪ್ಪಲ್ಲ, ನಿಮ್ಮ ಖಾತೆಯ ಹಂತ. ಸಂಖ್ಯೆಯ ನಂತರ ಬರುವ ಇಂಗ್ಲಿಷ್ ವಾಕ್ಯದಲ್ಲಿ ಪದ ಹುಡುಕಿ ತೀರ್ಮಾನಿಸುವ ಕೋಡು ಬರೆಯಬೇಡಿ, ಆ ವಾಕ್ಯ ನಾಳೆ ಬದಲಾಗಬಹುದು. ಆದರೆ ಅದನ್ನು ಪೂರ್ತಿಯಾಗಿ ಲಾಗಿನಲ್ಲಿ ಇಡಿ, ಏಕೆಂದರೆ ಓದುವ ಮನುಷ್ಯರಿಗೆ ಅದೇ ಬೇಕು.

ಪೈಥಾನ್ ಬಳಸುವವರಿಗೆ ಒಂದು ಸಣ್ಣ ಎಚ್ಚರ: 3.4ನೆಯ ಆವೃತ್ತಿಯಿಂದ ಎಸ್‌ಎಂಟಿಪಿ ಎಕ್ಸೆಪ್ಷನ್‌ಗಳೆಲ್ಲ ಓಎಸ್ ಎರರ್ ಎಂಬುದರ ಮಕ್ಕಳು. ಜಾಲದ ತೊಂದರೆಗೆಂದು ಓಎಸ್ ಎರರ್ ಹಿಡಿಯುವ ಬ್ಲಾಕನ್ನು ಮೇಲಿಟ್ಟರೆ ವಿಳಾಸ ತಿರಸ್ಕಾರವೂ ಅದರಲ್ಲೇ ಸಿಕ್ಕಿಕೊಂಡು ಮರುಯತ್ನಕ್ಕೆ ಹೋಗುತ್ತದೆ. ನಿರ್ದಿಷ್ಟವಾದವುಗಳನ್ನು ಮೊದಲು ಬರೆಯಿರಿ.

ಲಕ್ಷಣ: ಒಂದೇ ಪತ್ರ ಎರಡು ಮೂರು ಸಲ ಬರುತ್ತದೆ

ಸುಲಭದ ಕಾರಣಗಳಿಂದ ಆರಂಭಿಸೋಣ. ಬಳಕೆದಾರರು ಗುಂಡಿಯನ್ನು ಎರಡು ಸಲ ಒತ್ತಿರಬಹುದು. ಎರಡು ವರ್ಕರುಗಳು ಒಂದೇ ಸಾಲನ್ನು ಏಕಕಾಲಕ್ಕೆ ಎತ್ತಿಕೊಂಡಿರಬಹುದು. ಎತ್ತಿಕೊಳ್ಳುವಾಗಲೇ ಸಾಲಿಗೆ ಬೀಗ ಹಾಕಿ ಸ್ಥಿತಿ ಬದಲಿಸಿದರೆ ಇದು ನಿಲ್ಲುತ್ತದೆ. ಐವರಲ್ಲಿ ಇಬ್ಬರಿಗೆ ಸೋತಿತೆಂದು ಐವರಿಗೂ ಮರುಯತ್ನ ಮಾಡಿರಬಹುದು. ಪತ್ರ ಒಪ್ಪಿಗೆಯಾದ ಮೇಲೆ ವಿದಾಯ ಹೇಳುವ ಕ್ವಿಟ್ ಆಜ್ಞೆಯ ಹೊತ್ತಿಗೆ ಸಂಪರ್ಕ ಕಡಿದು ಎಕ್ಸೆಪ್ಷನ್ ಬಂದು, ಅದು ಕಳುಹಿಸುವ ಸಾಲಿನ ಬ್ಲಾಕಿನಲ್ಲೇ ಇದ್ದುದರಿಂದ ಇಡೀ ಕೆಲಸ ಸೋತಿತೆಂದು ಕೋಡು ಭಾವಿಸಿರಬಹುದು.

ಇವು ಯಾವುವೂ ಅಲ್ಲದಿದ್ದರೆ ಉಳಿಯುವುದು ಹಳೆಯ ಒಗಟು; 1988ರಲ್ಲೇ ಆರ್‌ಎಫ್‌ಸಿ 1047 ಇದೊಂದರ ಬಗ್ಗೆಯೇ ಬಂದಿದೆ. ನೀವು ಕೊನೆಯ ಚುಕ್ಕಿಯನ್ನು ಕಳುಹಿಸಿದ್ದೀರಿ, ಸರ್ವರ್ ಪತ್ರವನ್ನು ಸ್ವೀಕರಿಸಿ ವೈರಸ್ ತಪಾಸಣೆ ಮುಗಿಸಿ 250 ಎನ್ನುವಷ್ಟರಲ್ಲಿ ನಿಮ್ಮ ಹತ್ತು ಸೆಕೆಂಡಿನ ಟೈಮ್‌ಔಟ್ ಮುಗಿದಿದೆ. ಅವರ ಲೆಕ್ಕದಲ್ಲಿ ಪತ್ರ ಬಂತು, ನಿಮ್ಮ ಲೆಕ್ಕದಲ್ಲಿ ಹೋಗಲಿಲ್ಲ. ಆ ಕೊನೆಯ ಉತ್ತರಕ್ಕಾಗಿ ಆರ್‌ಎಫ್‌ಸಿ 5321 ಹತ್ತು ನಿಮಿಷ ಕಾಯಲು ಹೇಳುವುದು ಇದೇ ಕಾರಣಕ್ಕೆ. ಸಂಪರ್ಕಕ್ಕೆ ಚಿಕ್ಕ ಟೈಮ್‌ಔಟ್, ಒಡಲು ಒಪ್ಪಿಸಿದ ನಂತರ ದೊಡ್ಡ ಟೈಮ್‌ಔಟ್ ಇಡಿ. ಪೂರ್ತಿ ತಪ್ಪಿಸಲು ಬರುವುದಿಲ್ಲ, ಕಡಿಮೆ ಮಾಡಬಹುದು. ಮೆಸೇಜ್ ಐಡಿಯನ್ನು ಪತ್ರ ಸರತಿಗೆ ಬಂದಾಗಲೇ ನಿಗದಿ ಮಾಡಿ ಪ್ರತಿ ಮರುಯತ್ನಕ್ಕೂ ಅದನ್ನೇ ಬಳಸಿದರೆ ಎರಡು ಪ್ರತಿ ಬಂದರೂ ಒಂದೇ ಪತ್ರವೆಂದು ಗುರುತಿಸಲು ಸಾಧ್ಯವಾಗುತ್ತದೆ.

ಇದರ ಅವಳಿ ದೋಷವೊಂದಿದೆ: ಹಣ ಸಂದಾಯವಾಯಿತು ಎಂಬ ಪತ್ರ ಬಂದಿದೆ, ಡೇಟಾಬೇಸಿನಲ್ಲಿ ಆ ಸಂದಾಯವೇ ಇಲ್ಲ. ಟ್ರಾನ್ಸಾಕ್ಷನ್ ಮುಗಿಯುವ ಮುನ್ನವೇ ಪತ್ರ ಕಳುಹಿಸಿ, ಆಮೇಲೆ ಟ್ರಾನ್ಸಾಕ್ಷನ್ ಹಿಂದೆ ಸರಿದಾಗ ಹೀಗಾಗುತ್ತದೆ. ಕಳುಹಿಸಬೇಕಾದ ಪತ್ರವನ್ನು ಅದೇ ಟ್ರಾನ್ಸಾಕ್ಷನ್‌ನಲ್ಲಿ ಒಂದು ಕೋಷ್ಟಕಕ್ಕೆ ಬರೆದು, ಅದು ಖಾಯಂ ಆದ ಮೇಲೆ ವರ್ಕರ್ ಎತ್ತಿಕೊಳ್ಳುವಂತೆ ಮಾಡಿ.

ಲಕ್ಷಣ: ಸರ್ವರ್ 250 ಎಂದಿತು, ಆದರೂ ತಲುಪಿಲ್ಲ ಅಥವಾ ಸ್ಪ್ಯಾಮಿಗೆ ಹೋಗಿದೆ

250 ಎಂದರೆ ಮುಂದಿನ ಸರ್ವರ್ ಹೊಣೆ ಹೊತ್ತಿತು ಎಂದರ್ಥ, ಓದುಗರ ಕೈ ಸೇರಿತು ಎಂದಲ್ಲ. ಅಲ್ಲಿಂದ ಮುಂದೆ ಸೋತರೆ ಬೌನ್ಸ್ ಪತ್ರ ಬರುತ್ತದೆ, ಮತ್ತು ಅದು ಬರುವುದು ಫ್ರಮ್ ಸಾಲಿನಲ್ಲಿರುವ ವಿಳಾಸಕ್ಕಲ್ಲ, ಲಕೋಟೆಯ ಮೇಲಿನ ಕಳುಹಿಸುವವರ ವಿಳಾಸಕ್ಕೆ. ಅಲ್ಲಿ ಅಸ್ತಿತ್ವದಲ್ಲೇ ಇಲ್ಲದ ನೋ ರಿಪ್ಲೈ ವಿಳಾಸ ಹಾಕಿದ್ದರೆ ನಿಮ್ಮ ದೋಷವರದಿಗಳೆಲ್ಲ ಗಾಳಿಗೆ ಹೋಗಿವೆ. ಆ ಬಾಕ್ಸನ್ನು ನಿಜವಾಗಿ ಸೃಷ್ಟಿಸಿ ಓದಿ, ಇಲ್ಲವೇ ಮೇಲ್ ಸೇವೆಯ ವೆಬ್‌ಹುಕ್ (ಸೇವೆಯೇ ನಿಮ್ಮ ಸರ್ವರಿಗೆ ಸುದ್ದಿ ಮುಟ್ಟಿಸುವ ವಿನಂತಿ) ಮೂಲಕ ಬೌನ್ಸ್ ಸುದ್ದಿ ಪಡೆಯಿರಿ. ವೆಬ್‌ಹುಕ್ಕಿನ ಸಹಿ ಪರಿಶೀಲಿಸದಿದ್ದರೆ ಯಾರು ಬೇಕಾದರೂ ಸುಳ್ಳು ಬೌನ್ಸ್ ಕಳುಹಿಸಿ ನಿಮ್ಮ ಗ್ರಾಹಕರನ್ನು ತಡೆಪಟ್ಟಿಗೆ ತಳ್ಳಬಹುದು. ಬೌನ್ಸ್ ಪತ್ರದ ಲಕೋಟೆಯಲ್ಲಿ ಕಳುಹಿಸುವವರ ಜಾಗ ಖಾಲಿ ಇರುತ್ತದೆ. ಅಂಥದಕ್ಕೆ ಎಂದೂ ಸ್ವಯಂಚಾಲಿತ ಉತ್ತರ ಕೊಡಬೇಡಿ.

ಸ್ಪ್ಯಾಮಿಗೆ ಹೋಗುವುದಾದರೆ ನಿಮ್ಮದೇ ಜಿಮೇಲ್ ಖಾತೆಗೊಂದು ಪತ್ರ ಕಳುಹಿಸಿ, ಮೂಲ ರೂಪ ತೋರಿಸುವ ಆಯ್ಕೆಯನ್ನು ಒತ್ತಿ. ಮೇಲ್ಭಾಗದಲ್ಲೇ ಎಸ್‌ಪಿಎಫ್ (ಕಳುಹಿಸಿದ ಸರ್ವರಿಗೆ ಅನುಮತಿ ಇದೆಯೇ), ಡಿಕಿಮ್ (ಪತ್ರದ ಸಹಿ ಸರಿಯೇ), ಡಿಮಾರ್ಕ್ (ಇವು ಫ್ರಮ್ ಸಾಲಿನ ಡೊಮೇನಿಗೆ ಹೊಂದುತ್ತವೆಯೇ) ಮೂರರ ಫಲಿತಾಂಶ ಇರುತ್ತದೆ. ಎಸ್‌ಪಿಎಫ್ ಪಾಸಾಗಿ ಡಿಮಾರ್ಕ್ ಮಾತ್ರ ಫೇಲಾಗಿದ್ದರೆ, ಪಾಸಾದದ್ದು ನಿಮ್ಮ ಮೇಲ್ ಸೇವೆಯ ಡೊಮೇನ್, ಫ್ರಮ್ ಸಾಲಿನಲ್ಲಿರುವುದು ನಿಮ್ಮ ಡೊಮೇನ್, ಎರಡೂ ಹೊಂದುತ್ತಿಲ್ಲ. ಎಸ್‌ಪಿಎಫ್ ದಾಖಲೆಯಲ್ಲಿ ಒಂದಾದ ಮೇಲೊಂದು ಸೇವೆಯನ್ನು ಸೇರಿಸುತ್ತಾ ಹೋದವರಿಗೆ 10 ಡಿಎನ್‌ಎಸ್ ಹುಡುಕಾಟಗಳ ಮಿತಿ ದಾಟಿ ಇಡೀ ದಾಖಲೆಯೇ ವ್ಯರ್ಥವಾಗುತ್ತದೆ. 2024ರ ಫೆಬ್ರವರಿಯಿಂದ ಜಿಮೇಲ್ ಖಾತೆಗಳಿಗೆ ದಿನಕ್ಕೆ 5,000ಕ್ಕಿಂತ ಹೆಚ್ಚು ಪತ್ರ ಕಳುಹಿಸುವವರಿಗೆ ಈ ಮೂರೂ ಕಡ್ಡಾಯ. ಸ್ಪ್ಯಾಮ್ ದೂರಿನ ಪ್ರಮಾಣ ಶೇ 0.3 ಮುಟ್ಟಬಾರದು, ಪ್ರಚಾರದ ಪತ್ರಗಳಿಗೆ ಒಂದೇ ಒತ್ತಿನಲ್ಲಿ ಚಂದಾ ಬಿಡುವ ಸೌಲಭ್ಯ ಇರಬೇಕು. ಎಸ್‌ಇಎಸ್ ಬಳಸುವವರಿಗೆ ಬೌನ್ಸ್ ಪ್ರಮಾಣ ಶೇ 5 ಆದರೆ ಖಾತೆ ಪರಿಶೀಲನೆಗೆ ಒಳಗಾಗುತ್ತದೆ, ಶೇ 10 ಆದರೆ ನಿಲ್ಲಿಸಲ್ಪಡಬಹುದು. ತಡೆಪಟ್ಟಿ ಇಟ್ಟುಕೊಳ್ಳುವುದು ಅಚ್ಚುಕಟ್ಟಿಗಾಗಿ ಅಲ್ಲ, ಉಳಿವಿಗಾಗಿ.

ಲಕ್ಷಣ: ಕನ್ನಡದ ವಿಷಯ ಸಾಲು ಚೂರುಚೂರಾಗಿ ಕಾಣುತ್ತದೆ

ನಮ್ಮವರು ಎದುರಿಸುವ ದೋಷವಿದು, ಹೊರಗಿನ ಮಾರ್ಗದರ್ಶಿಗಳಲ್ಲಿ ಸಿಗುವುದಿಲ್ಲ. ಹೆಡರ್ ಸಾಲುಗಳಲ್ಲಿ ಆಸ್ಕಿ ಅಲ್ಲದ ಬರಹವನ್ನು ಗರಿಷ್ಠ 75 ಅಕ್ಷರಗಳ ಸಂಕೇತ ತುಣುಕುಗಳಾಗಿ ಬರೆಯಬೇಕು. ಯುಟಿಎಫ್-8 ಮತ್ತು ಬೇಸ್64 ಎಂದು ಸೂಚಿಸುವ ಚೌಕಟ್ಟಿಗೇ 12 ಹೋಗುತ್ತದೆ. ಉಳಿದ 63ರಲ್ಲಿ ನಾಲ್ಕರ ಗುಣಕವಾಗಿ ಬಳಕೆಗೆ ಸಿಗುವುದು 60, ಅಂದರೆ 45 ಬೈಟ್. ಕನ್ನಡದ ಒಂದೊಂದು ಯೂನಿಕೋಡ್ ಚಿಹ್ನೆಗೆ 3 ಬೈಟ್ ಬೇಕಾಗುವುದರಿಂದ ಒಂದು ತುಣುಕಿಗೆ 15 ಚಿಹ್ನೆಗಳು ಮಾತ್ರ. "ನಿಮ್ಮ ಠೇವಣಿಯ ಅವಧಿ ಮುಗಿಯುತ್ತಿದೆ" ಎಂಬ ಸಾಲೇ ಇದನ್ನು ದಾಟುತ್ತದೆ. ಕೈಯಿಂದ ಹೆಡರ್ ಜೋಡಿಸುವ ಕೋಡು ಬೈಟ್ ಲೆಕ್ಕ ತಪ್ಪಿ ಚಿಹ್ನೆಯ ನಡುವೆ ಕತ್ತರಿಸಿದಾಗ ಅಲ್ಲಿ ಪ್ರಶ್ನಾರ್ಥಕ ವಜ್ರಗಳು ಬರುತ್ತವೆ. ಪರಿಹಾರವೆಂದರೆ ಕೈಯಿಂದ ಜೋಡಿಸುವುದನ್ನೇ ಬಿಡುವುದು. ಪೈಥಾನ್‌ನಲ್ಲಿ ಇಮೇಲ್ ಮೆಸೇಜ್ ಕ್ಲಾಸ್ ಈ ಕೆಲಸ ಮಾಡುತ್ತದೆ. ಬಳಕೆದಾರರು ತುಂಬಿದ ಪಠ್ಯವನ್ನು ನೇರವಾಗಿ ಹೆಡರಿಗೆ ಅಂಟಿಸಿದರೆ, ಅದರೊಳಗೊಂದು ಹೊಸಸಾಲು ಸೇರಿಸಿ ಬೇರೆಯವರಿಗೆ ಪತ್ರ ಕಳುಹಿಸುವ ಕಿಡಿಗೇಡಿತನಕ್ಕೂ ಬಾಗಿಲು ತೆರೆದಂತೆ.

ವಿಳಾಸವೇ ಕನ್ನಡದಲ್ಲಿದ್ದರೆ, ಉದಾಹರಣೆಗೆ ಡಾಟ್ ಭಾರತ ಡೊಮೇನಿನಲ್ಲಿ ಕನ್ನಡ ಹೆಸರಿದ್ದರೆ, ಎದುರಿನ ಸರ್ವರ್ ಎಸ್‌ಎಂಟಿಪಿಯುಟಿಎಫ್8 ವಿಸ್ತರಣೆಯನ್ನು ಬೆಂಬಲಿಸಬೇಕು. ಇಲ್ಲದಿದ್ದರೆ ಎಸ್‌ಎಂಟಿಪಿಲಿಬ್ ಬೆಂಬಲವಿಲ್ಲ ಎಂಬ ಎಕ್ಸೆಪ್ಷನ್ ಎಸೆಯುತ್ತದೆ, ಅಥವಾ ಸರ್ವರಿನಿಂದ 5.6.7 ಬರುತ್ತದೆ. ವಿಳಾಸ ತಪ್ಪೆಂದು ಬಳಕೆದಾರರನ್ನು ದೂರಬೇಡಿ.

ಎಲ್ಲಿ ನಿಲ್ಲಿಸಬೇಕು, ಯಾರಿಗೆ ಏನು ಕೊಡಬೇಕು

ನಿಮ್ಮ ಖಾತೆಯಿಂದ ನೀವು ಬರೆಯದ ಪತ್ರಗಳು ಹೋಗುತ್ತಿದ್ದರೆ ದೋಷ ಹುಡುಕುವುದನ್ನು ಅಲ್ಲಿಗೇ ಬಿಟ್ಟು, ಪಾಸ್‌ವರ್ಡ್ ಮತ್ತು ಎಪಿಐ ಕೀಲಿಗಳನ್ನು ರದ್ದು ಮಾಡಿ, ಆಮೇಲೆ ಭದ್ರತೆ ನೋಡಿಕೊಳ್ಳುವವರನ್ನು ಕರೆಯಿರಿ. ಐಪಿ ವಿಳಾಸ ಸ್ಪ್ಯಾಮ್‌ಹಾಸ್‌ನಂಥ ಕಪ್ಪುಪಟ್ಟಿಯಲ್ಲಿದ್ದರೆ, ಖಾತೆ ಅಮಾನತಾಗಿದ್ದರೆ, ಸಂಸ್ಥೆಯ ಡಿಎನ್‌ಎಸ್ ಬೇರೆಯವರ ಕೈಯಲ್ಲಿದ್ದರೆ ಕೋಡು ತಿದ್ದಿ ಪ್ರಯೋಜನವಿಲ್ಲ. ಡಿಎನ್‌ಎಸ್ ದಾಖಲೆಯನ್ನು ಅಂದಾಜಿನ ಮೇಲೆ ಬದಲಿಸಿದರೆ ಸಂಸ್ಥೆಯ ಎಲ್ಲರ ಮೇಲ್ ನಿಲ್ಲಬಹುದು.

ಸಹಾಯ ಕೇಳುವಾಗ "ಮೇಲ್ ಹೋಗುತ್ತಿಲ್ಲ" ಎಂದು ಬರೆದರೆ ಎರಡು ದಿನ ಪ್ರಶ್ನೋತ್ತರದಲ್ಲೇ ಕಳೆಯುತ್ತದೆ. ಮೆಸೇಜ್ ಐಡಿ, ಲಕೋಟೆಯ ಕಳುಹಿಸುವವರ ವಿಳಾಸ, ಪಡೆಯುವವರ ಡೊಮೇನ್, ಹೊರಹೋದ ಐಪಿ, ಸರ್ವರಿನ ಪೂರ್ತಿ ಉತ್ತರ, ಇಷ್ಟನ್ನು ಕೊಡಿ. 250ರ ಜತೆ ಬರುವ ಸರತಿ ಸಂಖ್ಯೆ ಇದ್ದರೆ ಅವರ ಕೆಲಸ ಇನ್ನೂ ಸಲೀಸು. ಆದರೆ ಎಸ್‌ಎಂಟಿಪಿಲಿಬ್‌ನ ಸೆಂಡ್‌ಮೇಲ್ ಆ ಉತ್ತರವನ್ನು ನಿಮಗೆ ಮರಳಿಸುವುದಿಲ್ಲ. ಬೇಕಿದ್ದರೆ ಮೇಲ್, ಆರ್‌ಸಿಪಿಟಿ, ಡೇಟಾ ಆಜ್ಞೆಗಳನ್ನು ಬಿಡಿಬಿಡಿಯಾಗಿ ಕರೆದು ಕೊನೆಯದರ ಉತ್ತರವನ್ನು ಉಳಿಸಿಕೊಳ್ಳಬೇಕು. ಸಮಯವನ್ನು ಬರೆಯುವಾಗ ಯಾವ ವಲಯದ ಸಮಯವೆಂದು ಬರೆಯುವುದನ್ನು ಮರೆಯಬೇಡಿ. ನಮ್ಮಲ್ಲಿ ಸಂಜೆ 4 ಗಂಟೆಗೆ ಹೋದ ಪತ್ರ ಯುಟಿಸಿ ಲೆಕ್ಕದ ಲಾಗಿನಲ್ಲಿ ಬೆಳಗ್ಗೆ 10:30ರ ಸಾಲಿನಲ್ಲಿರುತ್ತದೆ. ವಲಯ ಬರೆಯದಿದ್ದರೆ ಅವರು 16:00ರ ಸುತ್ತ ಹುಡುಕಿ, ಅಂಥ ಪತ್ರ ನಮಗೆ ಬಂದೇ ಇಲ್ಲ ಎಂದು ಉತ್ತರಿಸುತ್ತಾರೆ.